ಹಾಡತ್ತೆ ಹಾಡದ ಪದ

ನನ್ನ ನಾದಿನಿಗೆ ಒಳ್ಳೆಯ ಧ್ವನಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳಿದಳು ಅನ್ನುತ್ತೀರಿ. ಮೊದಲು ಹೇಳಿದರೂ ಅದು ಹೊಟ್ಟೆಕಿಚ್ಚೇ, ಆದರೆ ಮಾತು ನಿಜ. ವರ್ಷವಿಡೀ ನೆಗಡಿ ಹಿಡಿದವರ ಧ್ವನಿ ಅವಳದು. ಮೇಲಕ್ಕೆ ಹೋದರೆ ಸೀಳುತ್ತದೆ, ಕೆಳಕ್ಕಿಳಿದರೆ ಬರೀ ಗಾಳಿ. ಅಂಥ ಧ್ವನಿ ಇಟ್ಟುಕೊಂಡು ನಮ್ಮ ಸುತ್ತಮುತ್ತಲಿನ ಚಿಕ್ಕ ಮಕ್ಕಳಿಗೆಲ್ಲ ಹಾಡಿ ಹಾಡಿಯೇ ಚೀನೀ ಮಾತು ಕಲಿಸುತ್ತಾಳೆ. ಮಕ್ಕಳು ಅವಳನ್ನು ಕರೆಯುವುದು ಹಾಡತ್ತೆ ಎಂದು. ಆ ಹೆಸರು ಇಟ್ಟವಳು ನನ್ನ ಮಗಳು, ನಾಲ್ಕು ವರ್ಷದ ಬಟಾಣಿ. ಶಾಲೆಯಲ್ಲಿ ಹಾಡಿ ಬಹುಮಾನ ಗೆದ್ದವಳು ನಾನು. ಬಟಾಣಿಗೆ ನಾನು ಬರೀ ಅಮ್ಮ.

ನಾದಿನಿ ನನ್ನ ಗಂಡನ ತಂಗಿ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಸಂಬಂಧದಲ್ಲಿ ಚಿಕ್ಕವಳು. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು 'ನೀವು' ಅಂದುಕೊಂಡು, ಒಬ್ಬರನ್ನೊಬ್ಬರು ತುಸು ದೂರದಲ್ಲೇ ಇಟ್ಟುಕೊಂಡು ಬಂದಿದ್ದೇವೆ. ಅವಳ ತರಗತಿ ನಡೆಯುವುದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೆಟ್ಟಿಲು ಹತ್ತುವಾಗ ಮರದ ಹೊಟ್ಟು, ಅಂಟು, ವಾರ್ನಿಶಿನ ವಾಸನೆ. ಕೋಣೆಯಲ್ಲಿ ಒಂದು ಚಾಪೆ, ಒಂದು ಬುಟ್ಟಿ. ಪುಸ್ತಕವಿಲ್ಲ, ಕಪ್ಪು ಹಲಗೆಯಿಲ್ಲ. ಬುಟ್ಟಿಯಲ್ಲಿ ಬಟ್ಟಲು, ಚಮಚ, ಒಂಟಿ ಬೂಟು, ಕೆಂಪು ಕೊಡೆ, ಹತ್ತಿ ಕಿತ್ತುಬಂದ ಬಟ್ಟೆಯ ಬೆಕ್ಕು. ತಾಯಂದಿರಿಗೆ ಒಳಗೆ ಪ್ರವೇಶವಿಲ್ಲ. ಮಕ್ಕಳ ಚಪ್ಪಲಿಗಳ ಜೊತೆ ನಾವೂ ಮೆಟ್ಟಿಲ ಮೇಲೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವುದು ನನ್ನ ಕೆಲಸ. ಅಲ್ಲಿಂದ ಬಿಟ್ಟು ನೇರ ಆ ಮೆಟ್ಟಿಲಿಗೆ ಬಂದು ಕೂರುತ್ತಿದ್ದೆ. ಬಾಗಿಲಿಗೆ ಮಸುಕು ಗಾಜು. ಒಳಗಿನವರು ಕಾಣರು, ಬಣ್ಣಗಳು ಮಾತ್ರ ಓಡಾಡುತ್ತವೆ. ಅದರಲ್ಲಿ ಹಳದಿ ಬಣ್ಣ ನನ್ನದು, ನನ್ನ ಬಟಾಣಿ. ಆ ಹಳದಿ ಹೋಗಿ ಹೋಗಿ ಹಾಡತ್ತೆಯ ನೀಲಿಗೆ ಅಂಟಿಕೊಳ್ಳುವುದನ್ನು ನೋಡುತ್ತಾ ಕೂತಿರುತ್ತಿದ್ದೆ.

ಅವಳು ಅರ್ಥ ಹೇಳುವವಳಲ್ಲ. ಕೈ ತೊಳೆಯುವ ಹಾಡು ಬೇಕಾದರೆ ಕೈ ತೊಳೆಯಬೇಕು, ಬೂಟಿನ ಹಾಡಿಗೆ ಬೂಟು ಹಾಕಿಕೊಳ್ಳಬೇಕು. ಬಾಗಿಲು ತೆರೆಯದೆ ಬಾಗಿಲ ಹಾಡಿಲ್ಲ. ಒಂದು ಹಾಡಿಗೆ ನಾಲ್ಕೈದು ಪದ, ಅಷ್ಟೇ. ಮೊದಮೊದಲು ಎಲ್ಲರಿಗೂ ಗೊತ್ತಿರುವ ಧಾಟಿಗಳಿಗೇ ಚೀನೀ ಪದ ಜೋಡಿಸಿದ್ದಳಂತೆ. ಆ ಭಾಷೆಯಲ್ಲಿ ಪದದ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಮತ್ತೊಂದು. ಧಾಟಿ ತನ್ನ ಪಾಡಿಗೆ ಏರಿಳಿದು ಪದಗಳನ್ನೆಲ್ಲ ಕೆಡಿಸಿತು. ಅವೆಲ್ಲವನ್ನೂ ಬಿಟ್ಟು, ಪದ ಏರುವ ಕಡೆ ಏರುವ, ಬೀಳುವ ಕಡೆ ಬೀಳುವ ಧಾಟಿಗಳನ್ನು ತಾನೇ ಕಟ್ಟಿದಳು. ಕೇಳಲು ಅಂಥ ಸೊಗಸೇನಿಲ್ಲ. ಮೆಟ್ಟಿಲು ಹತ್ತಿ ಇಳಿದ ಹಾಗಿರುತ್ತವೆ. ಆದರೆ ಒಮ್ಮೆ ಕಿವಿಗೆ ಬಿದ್ದರೆ ಬಿಟ್ಟುಹೋಗುವುದಿಲ್ಲ, ಪಾಪ, ನನ್ನನ್ನೂ ಬಿಡಲಿಲ್ಲ.

ಇನ್ನೊಂದು ಪದ್ಧತಿ ಅವಳದು. ಹಾಡಿನ ಕೊನೆಯ ಪದವನ್ನು ಅವಳು ಹಾಡುವುದಿಲ್ಲ. ಅದರ ಹಿಂದಿನ ಪದಕ್ಕೆ ನಿಂತುಬಿಡುತ್ತಾಳೆ. ಆ ಹೊತ್ತಿಗೆ ಬುಟ್ಟಿಯ ಸಾಮಾನು ಯಾವ ಮಗುವಿನ ಕೈಯಲ್ಲಿದೆಯೋ ಆ ಮಗು ಕೊನೆಯ ಪದ ಹೇಳಬೇಕು. ಬೇರೆ ಯಾರೂ ಬಾಯಿ ಬಿಡುವಂತಿಲ್ಲ. ಮಗು ಹೇಳುವ ತನಕ ಕಾಯುವುದು. ಸುಮ್ಮನೆ, ಮುಖದಲ್ಲಿ ಆತುರವಿಲ್ಲದೆ. ಮೆಟ್ಟಿಲ ಮೇಲೆ ಕೂತ ನಮಗೆ ಒಳಗಿನ ಆ ಮೌನ ಕೇಳಿಸುತ್ತಿತ್ತು. ಕೆಳಗೆ ಅಂಗಡಿಯವನು ಮೊಳೆ ಹೊಡೆಯುವ ಸದ್ದು ಮಾತ್ರ. ಆಮೇಲೆ ಯಾವುದೋ ಸಣ್ಣ ಗಂಟಲು ಒಂದು ಪದ ಉದುರಿಸುತ್ತಿತ್ತು, ಇಡೀ ಕೋಣೆ ಚಪ್ಪಾಳೆ.

ಮನೆಯಲ್ಲಿ ನನ್ನ ರಾಜ್ಯ ಹೀಗೆಯೇ ಸ್ವಲ್ಪಸ್ವಲ್ಪವಾಗಿ ಹೋಯಿತು. ಕೈ ತೊಳಿ ಅಂದರೆ ಬಟಾಣಿ ಕಿವುಡಿ. 'ಶೀ ಶೋ' ಎಂದು ತಾನೇ ಹಾಡಿಕೊಂಡರೆ ಮೊಣಕೈವರೆಗೂ ನೊರೆ. ನಾನು ಮಾವನನ್ನು "ಮಾವ, ಕಾಫಿ" ಎಂದು ಕರೆದರೆ ಇವಳು ಮಂಚದ ಕೆಳಗೆ ಬಗ್ಗಿ ಬೆಕ್ಕು ಹುಡುಕುತ್ತಾಳೆ. ಅಲ್ಲಿ 'ಮಾವ್' ಅಂದರೆ ಬೆಕ್ಕಂತೆ.

"ನನ್ನ ಮಗಳೇ ನನ್ನನ್ನ ಬೆಕ್ಕು ಮಾಡಿದ್ಳಲ್ಲಮ್ಮ," ಎಂದು ಮಾವ ಲೋಟ ಎತ್ತಿಕೊಂಡರು.

"ಬೆಕ್ಕಾದ್ರೆ ಹಾಲು ಕುಡೀಬೇಕು, ಕಾಫಿ ಯಾಕೆ ಕುಡೀತೀರಿ," ಅಂದರು ನಮ್ಮವರು, ಪತ್ರಿಕೆಯ ಹಿಂದಿನಿಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ನನ್ನ ಕಣ್ಣು ಬಟಾಣಿಯ ಮೇಲಿತ್ತು. ಅವಳು ಒಂದೊಂದು ಪದ ಹೇಳಿದಾಗಲೂ ತಿರುಗಿ ನೋಡುತ್ತಿದ್ದುದು ಹಾಡತ್ತೆಯ ಕಡೆಗೆ. ಹಾಡತ್ತೆ ಮನೆಯಲ್ಲಿ ಇಲ್ಲದ ದಿನ ಅವಳು ಕೂರುವ ಕುರ್ಚಿಯ ಕಡೆಗೆ. ಅವಳ ಮೊಟ್ಟಮೊದಲ ಮಾತುಗಳು ನನ್ನ ಮುಖ ನೋಡಿಕೊಂಡು ಬಂದಂಥವು. 'ಹಾ' ಅಂದು ನೋಡುತ್ತಿದ್ದಳು, ನಾನು 'ಹಾಲು' ಅಂದ ಮೇಲೆ ನಗುತ್ತಿದ್ದಳು. ನನಗೆ ಬೇಕಿದ್ದುದು ಇಷ್ಟೇ: ಹೊಸ ಪದ ಹೇಳಿದಾಗ ನನ್ನ ಮಗಳು ನನ್ನ ಕಡೆ ನೋಡಬೇಕು. ಕೇಳಿದರೆ ನಗೆಪಾಟಲು, ಅದಕ್ಕೇ ಯಾರ ಹತ್ತಿರವೂ ಕೇಳಲಿಲ್ಲ.

ಬದಲಿಗೆ ಹಾಡು ಕಲಿತೆ. ನಾದಿನಿ ಮಕ್ಕಳ ಅಭ್ಯಾಸಕ್ಕೆಂದು ತಾಯಂದಿರ ಫೋನಿಗೆ ಹಾಡುಗಳನ್ನು ಕಳಿಸುತ್ತಿದ್ದಳು. ಅವುಗಳಲ್ಲೂ ಕೊನೆಯ ಪದ ಇರುತ್ತಿರಲಿಲ್ಲ, ಹಿಂದಿನ ಪದಕ್ಕೆ ನಿಂತು ಒಂದಷ್ಟು ಹೊತ್ತು ಫ್ಯಾನಿನ ಸದ್ದು. ಫೋನನ್ನು ಅಡುಗೆಮನೆಯ ಕಿಟಕಿಯ ಮೇಲಿಟ್ಟು, ತರಕಾರಿ ಹೆಚ್ಚುತ್ತಾ, ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದ ಕೊನೆಯ ಪದವನ್ನು ಆ ಖಾಲಿ ಜಾಗದಲ್ಲಿ ನಾನು ಹಾಡುತ್ತಿದ್ದೆ. ಒಳ್ಳೆಯ ಧ್ವನಿಯಲ್ಲಿ, ಎಳೆದು, ಒಂದು ಸುತ್ತು ಹಾಕಿ. ಅಂಗಡಿಯಲ್ಲಿ ಗಾಜಿನ ಅಂಚು ಸವೆಸುವಾಗ ಯಂತ್ರದ ಗದ್ದಲದಲ್ಲಿ ಹಾಡಿಕೊಂಡೆ. "ಏನ್ರಿ, ನಮ್ಮಂಗಡಿಗೂ ಚೀನಾದ ಗಿರಾಕಿಗಳು ಬರ್ತಾರಾ?" ಎಂದು ನಮ್ಮ ಮಾಲೀಕರು ಕೇಳಿದರು. ಬಂದರೆ ನಾನೇ ನೋಡಿಕೊಳ್ಳುತ್ತೇನೆ ಅಂದೆ.

ಇಷ್ಟೆಲ್ಲ ಕಲಿತ ಮೇಲೆ ಒಂದು ಸಂಜೆ ಬಟಾಣಿಯ ಕೈ ತೊಳೆಸುತ್ತಾ 'ಶೀ ಶೋ' ಹಾಡಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅಮ್ಮ, ಅದು ಹಾಡತ್ತೆ ಹಾಡು."

"ನಾನು ಹಾಡಬಾರ್ದಾ?"

"ನೀನು ಚೆನ್ನಾಗಿ ಹಾಡ್ತೀಯ," ಅಂದಳು, ಸಮಾಧಾನ ಮಾಡುವವಳಂತೆ. "ಆದ್ರೆ ನೀನು ನಿಲ್ಲಿಸೋದೇ ಇಲ್ಲ."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. 'ಚೆನ್ನಾಗಿ ಹಾಡ್ತೀಯ' ಅಷ್ಟನ್ನೇ ಕಟ್ಟಿಕೊಂಡು ಮಲಗಿದೆ.

ಆಮೇಲೆ ಬಂತು ತಾಯಿತಂದೆಯರು ನೋಡುವ ದಿನ. ಅಂಗಡಿಯವರು ಕೆಳಗಿನ ಕಟ್ಟುಗಳನ್ನೆಲ್ಲ ಗೋಡೆಗೆ ಒರಗಿಸಿ ಜಾಗ ಮಾಡಿಕೊಟ್ಟಿದ್ದರು. ಸುತ್ತಲೂ ಖಾಲಿ ಚೌಕಟ್ಟುಗಳು, ನಡುವೆ ಬೆಂಚುಗಳ ಮೇಲೆ ನಾವು. ಮಕ್ಕಳು ಒಬ್ಬೊಬ್ಬರಾಗಿ ಬುಟ್ಟಿಯ ಸಾಮಾನು ಹಿಡಿದು ಬಂದರು. ಒಬ್ಬಳು ಬಟ್ಟಲು ತಂದು ಕೊನೆಯ ಪದ ಕಿರುಚಿಯೇ ಹೇಳಿದಳು. ಇನ್ನೊಬ್ಬಳು ಬೆಕ್ಕನ್ನು ಕತ್ತು ಹಿಡಿದು ನೇತಾಡಿಸಿಕೊಂಡು ಬಂದು, ಪದ ಹೇಳಿ, ಅಳುತ್ತಾ ಅಪ್ಪನ ಬಳಿ ಓಡಿದಳು. ಅದಕ್ಕೂ ಚಪ್ಪಾಳೆ.

ಬಟಾಣಿಯದು ಮಳೆಯ ಹಾಡು. ಮೋಡ ಬಂತು, ಗಾಳಿ ಬಂತು, ಮಳೆ ಬಂತು, ಕೊಡೆ ಬಿಚ್ಚು, ಓಡು ಓಡು, ಆಮೇಲೆ ಮನೆ. ಮನೆಗೆ ಆ ಭಾಷೆಯಲ್ಲಿ 'ಜ್ಯಾ'. ಮೇಲಿನ ಸ್ವರದಲ್ಲಿ ಹಿಡಿದು, ಅಲುಗಿಸದೆ, ಅಲ್ಲೇ ನಿಲ್ಲಿಸಬೇಕು. ಆ ಪದ ಬಟಾಣಿಯದು. ವಾರವಿಡೀ ಮನೆಯಲ್ಲಿ ಅದನ್ನು ಬಾಯಿಂದ ಹೊರಗೆ ಬಿಟ್ಟಿರಲಿಲ್ಲ ಅವಳು. ಅಪ್ಪ ಕೇಳಿದರೂ ಕೈಯಿಂದ ಬಾಯಿ ಮುಚ್ಚಿಕೊಂಡು, "ಅವತ್ತೇ ಹೇಳೋದು," ಎನ್ನುತ್ತಿದ್ದಳು.

ಹಳದಿ ಫ್ರಾಕು, ತನಗಿಂತ ದೊಡ್ಡದಾದ ಕೆಂಪು ಕೊಡೆ. ನಾದಿನಿ ತನ್ನ ಒಡಕು ಧ್ವನಿಯಲ್ಲಿ ಶುರುಮಾಡಿದಳು. ಮಕ್ಕಳೆಲ್ಲ ಸೇರಿಕೊಂಡರು. ಮೋಡ, ಗಾಳಿ, ಮಳೆ. ಕೊಡೆ ಬಿಚ್ಚಿಕೊಂಡಿತು. ಓಡು ಓಡು ಎಂದು ಬಟಾಣಿ ನಿಂತಲ್ಲೇ ಓಡಿದಳು. ನಾದಿನಿ ನಿಲ್ಲಿಸಿದಳು.

ಬಟಾಣಿ ಬಾಯಿ ತೆರೆದಳು. ಪದ ಬರಲಿಲ್ಲ. ಕೊಡೆಯ ಅಂಚಿನಿಂದ ಜನರನ್ನು ನೋಡಿದಳು. ತುಟಿ ಒದ್ದೆ ಮಾಡಿಕೊಂಡಳು. ನಾದಿನಿ ಮೊಣಕಾಲೂರಿ ಕೂತವಳು ಹಾಗೇ ಕೂತಿದ್ದಳು, ಬಸ್ಸಿಗೆ ಹೊತ್ತಿದೆ ಅನ್ನುವವರ ಹಾಗೆ. ಹಿಂದೆ ಯಾರೋ ಕೆಮ್ಮಿದರು. ಪಕ್ಕದ ಬೆಂಚಿನ ಹೆಂಗಸು, "ಮರೆತುಹೋಗಿದೆ ಪಾಪ," ಎಂದು ಪಿಸುಗುಟ್ಟಿದಳು. ಮರೆಯುವವಳಲ್ಲ ನನ್ನ ಮಗಳು. ಮತ್ತೆ ನೋಡಿದೆ. ಬಟಾಣಿಯ ಕಣ್ಣು ನಾದಿನಿಯ ಮುಖದ ಮೇಲೆ ನೆಟ್ಟಿತ್ತು. ಇಷ್ಟು ಕಷ್ಟದಲ್ಲೂ ನನ್ನ ಕಡೆಗಲ್ಲ.

"ಜ್ಯಾ..." ಎಂದು ಹಾಡಿದೆ ನಾನು. ಬೆಂಚಿನಿಂದ, ಒಳ್ಳೆಯ ಧ್ವನಿಯಲ್ಲಿ, ಎಳೆದು, ಒಂದು ಸುತ್ತು ಹಾಕಿ.

ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಆಗ ಬಟಾಣಿ ನನ್ನ ಕಡೆ ನೋಡಿದಳು. ಇಷ್ಟು ದಿನ ನಾನು ಬಯಸಿದ ನೋಟವಲ್ಲ ಅದು. ಕೈಯಲ್ಲಿದ್ದ ತುತ್ತನ್ನು ಕಸಿದುಕೊಂಡವರನ್ನು ಮಕ್ಕಳು ನೋಡುತ್ತಾರಲ್ಲ, ಆ ನೋಟ. ಅಳಲಿಲ್ಲ. ಕೊಡೆಯನ್ನು ಮುಂದಕ್ಕೆ ಬಗ್ಗಿಸಿ ಅದರ ಹಿಂದೆ ನಿಂತುಬಿಟ್ಟಳು. ಹಳದಿ ಫ್ರಾಕಿನ ಕೆಳಗಿನ ಎರಡು ಕಾಲು ಮಾತ್ರ ಕಾಣುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ನಮ್ಮವರು ಬಟಾಣಿಯನ್ನು ಹೆಗಲಿಗೇರಿಸಿಕೊಂಡು ಮುಂದೆ ಮುಂದೆ ನಡೆದರು. ಮಾವ ನನ್ನ ಪಕ್ಕಕ್ಕೆ ಬಂದು, "ಧ್ವನಿ ಚೆನ್ನಾಗಿತ್ತಮ್ಮ," ಅಂದರು. ಚುಚ್ಚಿದರೋ ಹೊಗಳಿದರೋ ಇನ್ನೂ ತಿಳಿದಿಲ್ಲ.

ಅಂದಿನಿಂದ ಬಟಾಣಿಯ ಹಾಡು ನಿಂತಿತು. ಕೈ ತೊಳೆಯುವಾಗ ಇಲ್ಲ, ಬೂಟು ಹಾಕುವಾಗ ಇಲ್ಲ. ತರಗತಿಗೆ ಹೋಗುತ್ತಿದ್ದಳು, ಚಾಪೆಯ ಮೇಲೆ ಕೂರುತ್ತಿದ್ದಳು. ಸಾಮಾನು ತನ್ನ ಕೈಗೆ ಬಂದರೆ ಪಕ್ಕದ ಮಗುವಿಗೆ ದಾಟಿಸಿ, ಬಾಗಿಲಿನ ಮಸುಕು ಗಾಜಿನ ಕಡೆ ನೋಡುತ್ತಿದ್ದಳಂತೆ. ಗಾಜಿನಾಚೆ ನಾನಿದ್ದೇನೆ ಎಂದು ಅವಳಿಗೆ ಗೊತ್ತು. ಇದನ್ನು ಹೇಳಲು ನಾದಿನಿ ಒಂದು ಮಧ್ಯಾಹ್ನ ನಮ್ಮ ಕನ್ನಡಕದ ಅಂಗಡಿಗೇ ಬಂದಳು. ಗಿರಾಕಿಗಳ ಕುರ್ಚಿಯಲ್ಲಿ ಕೂತು, ಎದುರಿಗಿದ್ದ ಖಾಲಿ ಫ್ರೇಮೊಂದನ್ನು ಮೂಗಿಗೇರಿಸಿಕೊಂಡಳು.

"ಬೈಯೋಕೆ ಬಂದಿದ್ರೆ ಬೈದುಬಿಡಿ," ಅಂದೆ. "ಸಂಜೆಗೆ ನನಗೆ ಎರಡು ಜೋಡಿ ಗಾಜು ಕೊಡೋದಿದೆ."

"ಬೈಯೋಕಲ್ಲ ಅತ್ತಿಗೆ. ಒಂದು ವಿಷಯ ಹೇಳ್ಬೇಕಿತ್ತು. ಆ 'ಜ್ಯಾ'ಗೆ ನೀವು ಹಾಕಿದ ಸುತ್ತು ಇದೆಯಲ್ಲ, ಅದನ್ನ ಕೇಳಿದ್ರೆ ಅಲ್ಲಿನೋರಿಗೆ ಮನೆ ಎಲ್ಲಿದೆ ಅಂತಾನೇ ಗೊತ್ತಾಗ್ತಿರಲಿಲ್ಲ."

ಸಿಟ್ಟು ಬರಬೇಕಿತ್ತು, ನಗು ಬಂತು. ಅವಳೂ ನಕ್ಕಳು. ಆ ಫ್ರೇಮು ಅವಳ ಮುಖಕ್ಕೆ ಒಪ್ಪುತ್ತಿರಲಿಲ್ಲ. ಅದನ್ನು ತೆಗೆದು ಬೇರೊಂದು ಕೊಟ್ಟೆ.

"ನಿಮಗೇನು ಹೇಳಿ," ಅಂದೆ, ಕೈ ಕೆಲಸ ಬಿಡದೆ. "ಮಕ್ಕಳೆಲ್ಲ ನಿಮ್ಮ ಹಿಂದೆ. ನಾನು ಹಾಡಿದ್ರೆ ನನ್ನ ಮಗಳೇ ಕೇಳಲ್ಲ. ನಿಮ್ಮ ಕಂಠ ಅಂತೂ..."

"ಕಂಠ ಏನು?"

"ಏನಿಲ್ಲ."

"ನೆಗಡಿ ಕಂಠ. ಅಣ್ಣ ಚಿಕ್ಕಂದಿನಿಂದ ಹಾಗೇ ಅನ್ನೋದು." ಅವಳು ಕನ್ನಡಿಯಲ್ಲಿ ಹೊಸ ಫ್ರೇಮು ನೋಡಿಕೊಂಡಳು. "ನೀವು ಮದುವೆಯಾಗಿ ಬಂದ ಹೊಸದರಲ್ಲಿ ಪಾತ್ರೆ ತೊಳೀತಾ ಹಾಡ್ತಿದ್ರಿ. ಅಣ್ಣ ಟಿವಿ ಸಣ್ಣ ಮಾಡ್ತಿದ್ದ, ಕೇಳೋಕೆ. ನಾನು ಹೋಗಿ ಮತ್ತೆ ಜೋರು ಮಾಡ್ತಿದ್ದೆ."

ಟಿವಿ ಜೋರಾಗುತ್ತಿದ್ದುದು ನನಗೆ ನೆನಪಿತ್ತು. ಮಾವನಿಗೆ ಕಿವಿ ಮಂದ ಎಂದುಕೊಂಡಿದ್ದೆ ಇಷ್ಟು ವರ್ಷ.

ಆಮೇಲೆ ಅವಳು ತನ್ನ ಕಥೆ ಹೇಳಿದಳು. ಅರ್ಧ ನನಗೆ ಗೊತ್ತಿತ್ತು. ಹೊಲಿಗೆ ಯಂತ್ರದ ಬಿಡಿಭಾಗ ತರಿಸುವ ಕಂಪನಿಯಲ್ಲಿ ಕೆಲಸ, ಸರಕು ನೋಡಿಕೊಳ್ಳಲೆಂದು ಆ ದೇಶಕ್ಕೆ ಕಳಿಸಿದ್ದು, ಅಲ್ಲಿ ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದುದು, ಕಂಪನಿ ಮುಚ್ಚಿ ಹಿಂದಿರುಗಿದ್ದು. ಗೊತ್ತಿಲ್ಲದ ಅರ್ಧ ಹೀಗಿತ್ತು. ಅಲ್ಲಿ ಗೋದಾಮಿನವರು ಅವಳ ಬಾಯಿಂದ ಪದ ಬರುವ ಮೊದಲೇ ತಾವೇ ಹೇಳಿ ಮುಗಿಸುತ್ತಿದ್ದರು. ಒಳ್ಳೆಯವರೇ, ಸಹಾಯ ಮಾಡಿದೆವು ಅಂದುಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಅವಳ ನಾಲಿಗೆ ಮೇಲೆ ಒಂದು ಪದವೂ ನಿಲ್ಲಲಿಲ್ಲ. ಮನೆಯೊಡತಿಯ ಮೊಮ್ಮಗಳು ಮಾತ್ರ ಬಟ್ಟಲು ಹಿಡಿದುಕೊಂಡು ಮಾಳಿಗೆಗೆ ಬಂದು, ಅಜ್ಜಿ ಉಣ್ಣಿಸುವಾಗ ಹಾಡುವ ಹಾಡನ್ನು ತಾನು ಹಾಡುತ್ತಿದ್ದಳು. ಕೊನೆಗೆ ಬಂದು ನಿಲ್ಲಿಸುತ್ತಿದ್ದಳು.

"ಯಾಕೆ ನಿಲ್ಲಿಸ್ತಿದ್ಳು?"

"ತನ್ನ ಅಜ್ಜಿ ಮಾಡ್ತಿದ್ದದ್ದನ್ನ ನನಗೆ ಮಾಡೋಳು. ನಾನು ಹೇಳೋ ತನಕ ನನ್ನ ಬಾಯನ್ನೇ ನೋಡ್ತಾ ಕೂರೋಳು. ಆ ಊರಲ್ಲಿ ನನಗೋಸ್ಕರ ಕಾದೋಳು ಅವಳೊಬ್ಬಳೇ. ನನ್ನ ಗುರುವಿಗೆ ಆಗ ಮೂರೂ ತುಂಬಿರಲಿಲ್ಲ."

ಫ್ರೇಮನ್ನು ಮುಖದಿಂದ ತೆಗೆದು ಬಟ್ಟೆಯಿಂದ ಒರೆಸಿ ಜಾಗದಲ್ಲಿಟ್ಟಳು. ಅಷ್ಟು ಅಚ್ಚುಕಟ್ಟು ಗಿರಾಕಿ ನಮಗೆ ಬಂದೇ ಇಲ್ಲ.

"ನಿಮ್ಮ ಧ್ವನಿ ನನಗಿದ್ದಿದ್ರೆ ನಾನೂ ಪೂರ್ತಿ ಹಾಡಿಬಿಡ್ತಿದ್ದೆ ಅತ್ತಿಗೆ. ಯಾರು ಬಿಡ್ತಾರೆ ಹೇಳಿ," ಎಂದು ಎದ್ದಳು. ಏನು ಮಾಡಿ ಎಂದು ಹೇಳಲಿಲ್ಲ. ಹೇಳಿದ್ದರೆ ನಾನು ಮಾಡುತ್ತಲೂ ಇರಲಿಲ್ಲ.

ಬಟಾಣಿಗೆ ತಲೆ ಬಾಚುವಾಗ ಹಾಡಲು ನನ್ನದೇ ಒಂದು ಹಾಡು ಇತ್ತು. ಅವಳ ತಲೆಯಲ್ಲಿ ಕೂದಲು ದಟ್ಟವಾದಾಗ ನಾನೇ ಕಟ್ಟಿದ್ದು. ಚೀನೀ ಹಾಡುಗಳು ಬಂದ ಮೇಲೆ ಮೂಲೆಗೆ ಬಿದ್ದಿತ್ತು.

ಆ ಕಡೆ ಕಾಡು, ಈ ಕಡೆ ಕಾಡು,
ನಡುವೆ ನೆಟ್ಟಗೆ ದಾರಿ,
ದಾರಿ ತಪ್ಪಿದ ಬಾಚಣಿಗೆ ಅಣ್ಣ
ಬಂದು ಹಿಡಿದ ಕಿವಿ.

'ಕಿವಿ' ಎಂದಾಗ ಅವಳ ಕಿವಿ ಹಿಡಿಯುವುದು. ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಬೈತಲೆ ತೆಗೆದು, ಇದನ್ನು ಹಾಡಿದೆ. "ಬಂದು ಹಿಡಿದ" ಅಂದವಳು ನಿಲ್ಲಿಸಿದೆ.

ಬಟಾಣಿ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಬಾಚಣಿಗೆ ಗಾಳಿಯಲ್ಲಿ. ಒಲೆಯ ಮೇಲೆ ಹಾಲಿತ್ತು, ಉಕ್ಕಿತು, ನಮ್ಮವರು ಓಡಿದರು. ನನ್ನ ಗಂಟಲಲ್ಲಿ ಆ ಪದ ಹೊರಗೆ ಬರಲು ಒದ್ದಾಡುತ್ತಿತ್ತು. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದಿದ್ದೆ. ಅವಳು ಹೇಳಲಿಲ್ಲ. ಜಡೆ ಹಾಕಿ ಇಳಿಸಿದೆ.

ಅದರ ಮರುದಿನವೂ ಹಾಗೆಯೇ. ಅವಳು ಕನ್ನಡಿಯಲ್ಲಿ ನನ್ನ ಬಾಯಿಯನ್ನು ಕಾವಲು ಕಾಯುತ್ತಿದ್ದಳು, ಈಗ ಹಾಡುತ್ತಾಳೆ, ಈಗ ಹಾಡುತ್ತಾಳೆ ಎಂದು. ನಾನು ಹಾಡಲಿಲ್ಲ. ಸುಮ್ಮನೆ ಕಾಯುವುದು ಇಷ್ಟು ಕಷ್ಟದ ಕೆಲಸವೆಂದು ತಿಳಿದಿರಲಿಲ್ಲ. ಆ ನೆಗಡಿ ಕಂಠದವಳು ಇದನ್ನು ದಿನವೂ, ಒಂದು ಕೋಣೆ ಮಕ್ಕಳಿಗೆ, ಮುಖ ಗಂಟಿಕ್ಕದೆ ಮಾಡುತ್ತಾಳೆ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಮೊದಲು ಅವಳಿಗೆ ಸಿಕ್ಕಿದ್ದರ ಮೇಲೆ ಇತ್ತು, ಈಗ ಅವಳಿಗೆ ಬರುವುದರ ಮೇಲೆ.

ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ, "ಬಂದು ಹಿಡಿದ" ಎಂದು ನಿಲ್ಲಿಸಿ, ಇವತ್ತೂ ಇಲ್ಲ ಎಂದುಕೊಂಡು ರಬ್ಬರ್ ಬ್ಯಾಂಡಿಗೆ ಕೈ ಚಾಚಿದ್ದೆ.

"ಅರ್ದ್ವೊ," ಅಂದಳು ಬಟಾಣಿ.

ಕಿವಿಗೆ ಹಾಡತ್ತೆಯ ಪದ ಅದು. ನನ್ನ ಹಾಡು, ನನ್ನ ಬಾಚಣಿಗೆ, ನನ್ನ ಮಗಳ ಕಿವಿ, ಪದ ಮಾತ್ರ ಅವಳದು. ಹೊಟ್ಟೆಯೊಳಗೆ ಆ ಹಳೆಯ ಉರಿ ಎದ್ದಿತು. ಆದರೆ ಕನ್ನಡಿಯಲ್ಲಿ ಬಟಾಣಿ ನೋಡುತ್ತಿದ್ದುದು ಕುರ್ಚಿಯನ್ನಲ್ಲ, ನನ್ನ ಮುಖವನ್ನು. 'ಹಾ' ಅಂದು 'ಹಾಲು' ಬರುವುದನ್ನು ಕಾಯುತ್ತಿದ್ದ ಅದೇ ಕಣ್ಣು. ನಾನು ಮಾತಾಡದೆ ಅವಳ ಕಿವಿ ಹಿಡಿದೆ. ಅವಳು ಭುಜ ಕುಣಿಸಿ ನಕ್ಕಳು.

"ಇನ್ನೊಂದು ಕಿವಿ," ಅಂದಳು. "ಮೊದಲಿಂದ ಹೇಳು. ನಿಲ್ಲಿಸ್ಬೇಕು ಗೊತ್ತಾಯ್ತಾ?"

"ಹೊತ್ತಾಯ್ತು ಕಣೇ, ಬಸ್ಸು ಹೋಗುತ್ತೆ."

"ಹೋಗ್ಲಿ."

ಆ ಕಡೆ ಕಾಡು, ಈ ಕಡೆ ಕಾಡು ಎಂದು ಶುರುಮಾಡಿದೆ. ಬಸ್ಸು ಹೋಯಿತು. ಅಂಗಡಿಯಲ್ಲಿ ಮಾಲೀಕರು ಗಡಿಯಾರದ ಕಡೆ ನೋಡಿ ನನ್ನ ಕಡೆ ನೋಡಿದರು. ಮಗಳ ಕಿವಿ ಹಿಡಿಯುವುದಿತ್ತು ಅಂದೆ. ತುಂಟತನ ಮಾಡಿರಬೇಕು ಎಂದು ತಿಳಿದು ಅವರು ತಲೆಯಾಡಿಸಿದರು.

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಕೂತಿದ್ದೆ. ಮಸುಕು ಗಾಜಿನಾಚೆ ಹಳದಿ ಬಣ್ಣ ನೀಲಿಯ ಪಕ್ಕದಲ್ಲೇ ಇತ್ತು. ಹಾಡು ಕೊನೆಗೆ ಬಂದು ನಿಂತಿತು. ಕೆಳಗೆ ಮೊಳೆ ಹೊಡೆಯುವ ಸದ್ದೂ ನಿಂತಿತು. ನಾನು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಾದೆ.

"ಜ್ಯಾ," ಅಂದಳು ನನ್ನ ಮಗಳು, ಮೇಲಿನ ಸ್ವರದಲ್ಲಿ, ಸುತ್ತು ಹಾಕದೆ.